ಕಾಲರ್‌ಗೆ ಹೋದ ಖಣ

ನಿಮಗೂ ಹೀಗೆ ಆಗಿದೆಯಾ? ನೀವು ಮಾಡಿದ ತಪ್ಪನ್ನು ಬೇರೆ ಯಾರೋ ತಟ್ಟನೆ ತಮ್ಮ ತಲೆಯ ಮೇಲೆ ಹಾಕಿಕೊಂಡು, ನೀವು ಬಾಯಿ ಮುಚ್ಚಿ ನಿಂತು, ಆಮೇಲೆ ಆ ಬಾಯಿ ತೆರೆಯಲು ವರ್ಷಗಟ್ಟಲೆ ಪುರುಸೊತ್ತೇ ಸಿಗದೆ ಹೋಗಿದ್ದು? ಆಗಿದ್ದರೆ ಓದಿ. ಆಗಿಲ್ಲದಿದ್ದರೂ ಓದಿ, ನಾಳೆ ಆಗಬಹುದು.

ಹೋದ ತಿಂಗಳು ಒಂದು ಮಧ್ಯಾಹ್ನ ಕೊರಿಯರಿನವನು ಕವರ್ ಕೊಟ್ಟು ಹೋದ. ಅಂಧೇರಿಯಿಂದ ಬಂದಿತ್ತು. ಕತ್ತರಿಸಿ ತೆಗೆದರೆ ಮೊದಲು ಹೊರಗೆ ಬಂದದ್ದು ವಾಸನೆ. ಡಾಂಬರ್ ಗುಳಿಗೆಯ ಘಾಟು, ಅದರ ಕೆಳಗೆ ಹಳೆಯ ಬೆವರು, ಅದರ ಕೆಳಗೆ ಎಲ್ಲೋ ಒಂಚೂರು ಸಿಗರೇಟು... ಒಳಗೆ ತ್ರಿಕೋನವಾಗಿ ಮಡಚಿದ ಒಂದು ಖಣ ಇತ್ತು. ಗಾಢ ನೀಲಿ ಮೈ, ಕೆಂಪು ಅಂಚು. ಬಿಡಿಸಿದರೆ ಒಂದು ದೊಡ್ಡ ತುಂಡು, ನಾಲ್ಕು ಸಣ್ಣ ತುಂಡು. ಸಣ್ಣವುಗಳ ಅಂಚಿನುದ್ದಕ್ಕೂ ಹೊಲಿಗೆ ಬಿಚ್ಚಿದ ತೂತುಗಳು. ಒಂದು ಚೀಟಿಯನ್ನು ಪಿನ್ ಹಾಕಿ ಚುಚ್ಚಿದ್ದರು. ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು.

'ಇದು ಚಿಗವ್ವನ ಖಣ. ವಾಪಸ್ ಕೊಡೂದು.'

ಹನ್ನೊಂದನೇ ಖೋಲಿಯ ಅಣ್ಣ ಬರೆದದ್ದು. ಅವನು ತೀರಿಕೊಂಡು ಆಗಲೇ ನಾಲ್ಕು ತಿಂಗಳಾಗಿತ್ತು.

ಸುಮಾರು ಮೂವತ್ತು ವರ್ಷದ ಹಿಂದೆ ನಾವು ಮುಂಬೈಯ ಕಾಂದಿವಲಿಯಲ್ಲಿ, ಒಂದೊಂದೇ ಕೋಣೆಯ ಮನೆಗಳ ಒಂದು ಚಾಳಿನಲ್ಲಿದ್ದೆವು. ನಮ್ಮದು ಹತ್ತನೇ ಖೋಲಿ, ಪಕ್ಕದ್ದು ಅವನದು. ಅವನ ಊರು ಬಾಗಲಕೋಟೆ ಕಡೆಯ ಗುಳೇದಗುಡ್ಡ. ಅಪ್ಪ ಖಣ ನೇಯುವವನು. ಮನೆಯೊಳಗೇ ಕುಣಿ ತೋಡಿ ಹೂಡಿದ ಮಗ್ಗ, ಓಣಿ ತುಂಬ ಬೆಳಗಿನಿಂದ ಸಂಜೆಯವರೆಗೆ ಅದೇ ಸದ್ದು. ಊರಿನ ಚರ್ಚಿನಲ್ಲಿ ಭಾನುವಾರ ಗಿಟಾರ್ ನುಡಿಸುತ್ತಿದ್ದ ಮಾಸ್ತರರೊಬ್ಬರು ಇವನಿಗೆ ತಂತಿಯ ಮೇಲೆ ಮೂರು ಕಾರ್ಡ್ ಹಿಡಿಯುವುದನ್ನು ಹೇಳಿಕೊಟ್ಟರಂತೆ. ಮೂರಕ್ಕೇ ಇವನ ತಲೆ ಕೆಟ್ಟಿತು. ಪಿಯುಸಿ ಫೇಲಾದ, ಮಗ್ಗಕ್ಕೆ ಕೂರುವುದಿಲ್ಲ ಎಂದ, ಅಪ್ಪನ ಹತ್ತಿರ ಒದೆ ತಿಂದ, ಮುಂಬೈ ರೈಲು ಹತ್ತಿದ. ಹಾಡಲಿಕ್ಕೆಂದು ಬಂದವನಿಗೆ ಸಿಕ್ಕ ಕೆಲಸ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶರ್ಟ್ ಹೊಲಿಯುವುದು. ಪೂರ್ತಿ ಶರ್ಟೂ ಅಲ್ಲ. ಬೆಳಗಿನಿಂದ ಸಂಜೆತನಕ ಬರೀ ಕಾಲರ್.

"ಶರ್ಟಿಗೆ ಕೈ ಎರಡ ಇರ್ತಾವೋ ಮೂರೋ, ನನಗಂತೂ ಮರತ ಹೋಗೇತಿ ತಂಗಿ," ಎನ್ನುತ್ತಿದ್ದ.

ನನಗೆ ಹದಿನೈದು, ಅವನಿಗೆ ಇಪ್ಪತ್ತಮೂರೋ ನಾಲ್ಕೋ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನು ನನ್ನ ಅವ್ವನನ್ನು ಚಿಗವ್ವ ಎನ್ನುತ್ತಿದ್ದ. ಅವ್ವನಿಗೆ ಅವನೆಂದರೆ ಜೀವ. ರೊಟ್ಟಿ ಬಡಿಯುವಾಗ ಎರಡು ಅವನ ಪಾಲಿಗೆ ಹೆಚ್ಚೇ. ಅವನ ಗಿಟಾರಿನ ಗಲಾಟೆಗೆ ಇಡೀ ಚಾಳು ಬೈದರೂ ಅವ್ವ ಮಾತ್ರ, "ಸೆರಿ ಕುಡ್ಯಾಂವಲ್ಲ, ಇಸ್ಪೇಟ್ ಆಡಾಂವಲ್ಲ, ತಂತಿ ಬಾರಸ್ತಾನ. ಬಾರಸ್ಲಿ ಬಿಡ್ರಿ," ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು.

ಅಂಧೇರಿಯ ಮೂವರು ಕಾಲೇಜು ಹುಡುಗರು ಇವನನ್ನು ತಮ್ಮ ಬ್ಯಾಂಡಿಗೆ ಸೇರಿಸಿಕೊಂಡರು. ಅವರದು ಇಂಗ್ಲಿಷ್ ಹಾಡು, ಇವನಿಗೆ ಇಂಗ್ಲಿಷ್ ಬಾರದು. ಬೇರೆಯವರಾಗಿದ್ದರೆ ಬಾಯಿಪಾಠ ಮಾಡಿ ಹಾಡುತ್ತಿದ್ದರು. ಇವನು ಮಗ್ಗದ ಲಯಕ್ಕೆ ತನ್ನ ಊರಿನ ಮಾತನ್ನೇ ಕೂರಿಸಿ, ಅದರ ಮೇಲೆ ಗಿಟಾರನ್ನು ಜೋರಾಗಿ ಹರಿಯಬಿಟ್ಟ. ಹುಡುಗರಿಗೆ ಒಂದು ಪದವೂ ಅರ್ಥವಾಗಲಿಲ್ಲ, ಆದರೆ ಕಾಲು ನಿಲ್ಲಲಿಲ್ಲ. ಕಾಲೇಜಿನ ಜಲಸಾದಲ್ಲಿ ಶನಿವಾರ ಮಧ್ಯಾಹ್ನದ ಪ್ರೋಗ್ರಾಂ ಸಿಕ್ಕಿತು, ಅವನ ಬದುಕಿನ ಮೊದಲ ಸ್ಟೇಜು. ಎಲ್ಲರೂ ಕಪ್ಪು ಲೆದರ್ ಜಾಕೆಟ್ ಹಾಕಬೇಕು ಎಂದರು ಹುಡುಗರು. ಇವನ ಹತ್ತಿರ ಎಲ್ಲಿಂದ ಬರಬೇಕು ಲೆದರ್ರು?

ಆಗ ಅವನ ತಲೆಗೆ ಹೊಳೆದದ್ದು ಖಣ.

ನಮ್ಮ ಕಡೆಯ ಹೆಂಗಸರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಖಣ ಎಂದರೆ ಕುಬಸ, ಅಂದರೆ ರವಿಕೆ, ಹೊಲಿಸಲೆಂದೇ ನೇಯ್ದ ತುಂಡು ಬಟ್ಟೆ. ಮುತ್ತೈದೆಯ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಅದನ್ನು ಕೊಡುತ್ತಾರೆ. ಆದರೆ ಚಾಳಿನಲ್ಲಿ ಅದನ್ನು ಹೊಲಿಸುವವರು ಯಾರು? ಎಲ್ಲರದೂ ರೆಡಿಮೇಡ್ ಬ್ಲೌಸು. ಹಾಗಾಗಿ ಖಣಗಳು ಖೋಲಿಯಿಂದ ಖೋಲಿಗೆ ಸುತ್ತುತ್ತಿದ್ದವು. ಒಂದು ನೇರಳೆ ಖಣವಂತೂ ಶ್ರಾವಣದಲ್ಲಿ ನಮ್ಮ ಮನೆ ಬಿಟ್ಟರೆ ದಸರೆಗೆ ಇನ್ಯಾರದೋ ಕೈಯಿಂದ ತಿರುಗಿ ನಮ್ಮಲ್ಲಿಗೇ ಬರುತ್ತಿತ್ತು.

ಅಣ್ಣ ಪ್ರತಿ ಬಾಗಿಲಿಗೂ ಹೋಗಿ ನಿಂತ. "ನಮ್ಮಪ್ಪ ಇದನ್ನ ನೇಯೂದು ಹೊಲಿಸ್ಕೊಂಡು ಹಾಕ್ಕೊಳ್ಳಿ ಅಂತ. ನೀವೇನು ಇದಕ್ಕ ಊರ ತೋರಿಸ್ಕೋತ ತಿರಗಾಕತ್ತೀರಿ? ನನಗ ಕೊಡ್ರಿ, ನಾ ಹಾಕ್ಕೋತೀನಿ."

"ಗಂಡಸಾಗಿ ಹೆಂಗಸರ ಕುಬಸದ ಬಟ್ಟಿ ಹಾಕ್ಕೋತೀಯೇನೋ ಮೂಳಾ?" ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕೊಟ್ಟರು. ಅವ್ವ ಒಂದು ಹಸಿರು ಖಣ ಕೊಟ್ಟಳು, ಅದು ಎಡತೋಳಿಗೆ ಹೋಯಿತು.

ಗುರುವಾರದ ಹೊತ್ತಿಗೆ ಜಾಕೆಟ್ ಮುಗಿದಿತ್ತು, ಕಾಲರ್ ಒಂದು ಬಿಟ್ಟು. ಸಿಕ್ಕ ಯಾವ ಖಣವೂ ಅವನ ಮನಸ್ಸಿಗೆ ಬಂದಿರಲಿಲ್ಲ. "ಕಾಲರ್ ಕೆಟ್ಟರ ಮಾರೀನೂ ಕೆಡತೈತಿ ತಂಗಿ," ಎಂದು ಮುಖ ಸಣ್ಣ ಮಾಡಿಕೊಂಡು ಕೂತಿದ್ದ.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ. ಅವ್ವನ ಟ್ರಂಕಿನ ತಳದಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಒಂದು ನೀಲಿ ಖಣ ಇತ್ತು. ಅವ್ವ ಕೊನೆಯ ಸಲ ತವರಿಗೆ ಹೋದಾಗ ಅಜ್ಜಿ ಉಡಿ ತುಂಬಿ ಕೊಟ್ಟದ್ದು. ಅದೇ ಮಳೆಗಾಲದಲ್ಲಿ ಅಜ್ಜಿ ಹೋದಳು. ಅವ್ವ ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಖಣವನ್ನು ಅವ್ವ ಹೊಲಿಸಲಿಲ್ಲ, ಯಾರ ಉಡಿಗೂ ಹಾಕಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ. ಆದರೆ ಹದಿನೈದರ ತಲೆ ನೋಡಿ... ಸ್ಟೇಜಿನ ಮೇಲೆ ಎಲ್ಲರಿಗೂ ಮೊದಲು ಕಾಣುವ ಜಾಗದಲ್ಲಿ ನಮ್ಮ ಮನೆಯದೇ ಇರಬೇಕು ಎನ್ನುವ ಆಸೆ. ಅವ್ವ ನೀರಿಗೆ ಹೋದಾಗ ತೆಗೆದುಕೊಂಡು ಹೋಗಿ ಅವನ ಕೈಗಿಟ್ಟೆ.

"ಚಿಗವ್ವ ಕೊಟ್ಟಳೇನು?" ಎಂದು ಕೇಳಿದ.

"ಹೂಂ," ಎಂದೆ.

ಶನಿವಾರ ಚಾಳಿನ ಆರು ಹೆಂಗಸರು ಇಸ್ತ್ರಿ ಸೀರೆ ಉಟ್ಟು, ಲೋಕಲ್ ರೈಲು ಹಿಡಿದು ಅಂಧೇರಿಗೆ ಹೊರಟರು, ಅವರಲ್ಲಿ ಅವ್ವ, ಅವರ ಹಿಂದೆ ನಾನು. ಕಾಲೇಜಿನ ಹಾಲ್‌ನಲ್ಲಿ ಜೀನ್ಸಿನ ಹುಡುಗ ಹುಡುಗಿಯರ ನಡುವೆ ತಲೆಯ ಮೇಲೆ ಸೆರಗು ಹೊದ್ದು ಸಾಲಾಗಿ ಕೂತರು. ಡ್ರಮ್ಮಿನ ಮೊದಲ ಏಟಿಗೇ ಎಲ್ಲರೂ ಕಿವಿ ಮುಚ್ಚಿಕೊಂಡರು. ಅಣ್ಣ ಬೆಳಕಿಗೆ ಬಂದ. ಕೆಂಪು, ಹಸಿರು, ನೇರಳೆ, ಅರಿಶಿಣ... ಕಪ್ಪು ಜಾಕೆಟ್ಟಿನ ಮೂವರ ನಡುವೆ ಅವನೊಬ್ಬ ಬೆಂಕಿ ಹಚ್ಚಿದ ಹಾಗೆ ಕಂಡ.

"ಅಯ್ಯ ಸಿವನ! ನನ್ನ ನೇರಳಿ ಖಣ ಅವನ ಬೆನ್ನಾಗೈತಿ!"

"ನಿಂದೆಲ್ಲಿಂದ ಬಂತು? ನಿನಗ ಕೊಟ್ಟಾಕಿ ನಾನು!"

"ಕೊಟ್ಟ ಮ್ಯಾಲೆ ನಂದ ಆತಲ್ಲ!"

ಹಿಂದಿನ ಸಾಲಿನವರು ಶ್ ಎಂದರು. ಹಾಡು ಮುಗಿದಾಗ ಹಾಲ್ ಎದ್ದು ನಿಂತಿತ್ತು. ಅವ್ವ ಮಾತ್ರ ಎದ್ದಿರಲಿಲ್ಲ. ಅವಳ ಕಣ್ಣು ಅವನ ಕುತ್ತಿಗೆಯ ಮೇಲೇ ಇತ್ತು.

ಅಣ್ಣ ಬೆವರು ಸುರಿಸುತ್ತ ನೇರ ಅವ್ವನ ಹತ್ತಿರ ಬಂದು ಕಾಲು ಮುಟ್ಟಿದ. ಅವ್ವ ಕಾಲರ್ ಹಿಡಿದು ನೋಡಿದಳು. ಬೈಯಲೆಂದು ಹಿಡಿದದ್ದಲ್ಲ, ಬೆರಳಿನಿಂದ ಸವರಿ ನೋಡಿದಳು. "ಇದು ಎಲ್ಲಿಂದ ಬಂತು ನಿನಗ?"

ಅವನು ಒಂದೇ ಒಂದು ಸಲ ನನ್ನ ಮುಖ ನೋಡಿದ. ನನ್ನ ಮುಖ ಹೇಗಿತ್ತೋ, ನನಗೆ ಗೊತ್ತಿಲ್ಲ. ಅವನಿಗೆ ಅಷ್ಟೇ ಸಾಕಾಯಿತು.

"ನಾನ ತಗೊಂಡೆ ಚಿಗವ್ವ. ಟ್ರಂಕ್ ತಗದಿತ್ತು. ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾತು. ಉಳಿದಿದ್ದು ಐತಿ, ನಾಳೆನ ತಂದು ಕೊಡ್ತೀನಿ."

"ತುಂಡಾದ ಖಣ ಉಡಿಗೆ ಬರೂದಿಲ್ಲ. ನೀನ ಇಟ್ಕೋ," ಎಂದಳು ಅವ್ವ. ಅವನ ಜೊತೆ ಅವಳು ಆಡಿದ ಕೊನೆಯ ಮಾತು ಅದು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಜಾಹೀರಾತುಗಳಿಗೆ ಬಟ್ಟೆ ಮಾಡಿಸುವ ಹೆಂಗಸೊಬ್ಬಳು ಅದೇ ದಿನ ಅದೇ ಹಾಲ್‌ನಲ್ಲಿದ್ದಳು. ಜಾಕೆಟ್ ಹೊಲಿದವರು ಯಾರು ಎಂದು ಅವನನ್ನು ಹುಡುಕಿಕೊಂಡು ಬಂದಳು. ಅಲ್ಲಿಂದ ಅವನ ದಾರಿ ತೆರೆಯಿತು. ಶರ್ಟಿನ ಕೆಲಸ ಬಿಟ್ಟ. ಎಂಟು ವರ್ಷ ಬ್ಯಾಂಡು ನಡೆಯಿತು, ಪ್ರತಿ ಪ್ರೋಗ್ರಾಮಿಗೂ ಅದೇ ಜಾಕೆಟ್ಟು. ಬೇರೆ ಬ್ಯಾಂಡಿನವರು ತಮಗೂ ಹೊಲಿದು ಕೊಡು ಎಂದರು, ಆಮೇಲೆ ಸಿನಿಮಾದವರು ಬಂದರು. ಅಂಧೇರಿಯ ಗಲ್ಲಿಯೊಂದರಲ್ಲಿ ಅಂಗಡಿ ತೆಗೆದ. ಊರಿನ ಮಗ್ಗಗಳಿಂದಲೇ ಖಣ ತರಿಸುತ್ತಿದ್ದ, ಪೇಟೆಯ ನಕಲಿ ಖಣವನ್ನು ಒಳಗೆ ಬಿಡುತ್ತಿರಲಿಲ್ಲ. ಒದ್ದು ಕಳಿಸಿದ್ದ ಅಪ್ಪ ಒಮ್ಮೆ ಬಂದು ಆ ಜಾಕೆಟ್ಟನ್ನು ಹತ್ತು ನಿಮಿಷ ತಿರುವಿ ಮುರುವಿ ನೋಡಿ, "ಈ ಅರಿಶಿಣದ್ದರಾಗ ಎರಡು ಎಳಿ ತಪ್ಯಾವ," ಎಂದನಂತೆ. ಅಷ್ಟೇ. ಅಣ್ಣ ಇದನ್ನು ಜನ್ಮದ ದೊಡ್ಡ ಬಹುಮಾನದ ಹಾಗೆ ಹೇಳಿಕೊಂಡು ತಿರುಗಿದ.

ಇಂಗ್ಲಿಷ್ ಆಮೇಲೂ ಸರಿಯಾಗಿ ಬರಲಿಲ್ಲ. ಬಾರದ್ದಕ್ಕೆ ನಾಚಿಕೆಯೂ ಪಡಲಿಲ್ಲ. ಫ್ಯಾಶನ್ ಮಂದಿಯ ನಡುವೆ ನಿಂತು, "ಇದು ನಮ್ಮವ್ವಗೋಳು ಹಾಕ್ಕೊಳೋ ಬಟ್ಟಿರಿ," ಎಂದು ರಾಗವಾಗಿ ಹೇಳುವವನು. ಎಷ್ಟೋ ಜನ ದೊಡ್ಡವರಾಗುವುದನ್ನು ಈ ಊರಿನಲ್ಲಿ ನೋಡಿದ್ದೇನೆ. ಬಂದ ಊರನ್ನು ಮೈಮೇಲೇ ಹಾಕಿಕೊಂಡು ದೊಡ್ಡವನಾದದ್ದು ಇವನೊಬ್ಬನೇ.

ನಾವು ಚಾಳು ಬಿಟ್ಟು ಬಿಲ್ಡಿಂಗಿಗೆ ಬಂದ ಮೇಲೂ ಪ್ರತಿ ದಸರೆಗೆ ಅವ್ವನಿಗೊಂದು ಹೊಸ ಖಣ ಹಿಡಿದು ಬರುತ್ತಿದ್ದ. ಅವ್ವ ಒಳಗಿನಿಂದಲೇ ನನಗೆ ಹೇಳುತ್ತಿದ್ದಳು, "ಅಲ್ಲೇ ಇಟ್ಟು ಹೋಗಂತ ಹೇಳು." ಅವನು ಇಟ್ಟು, ಚಹಾ ಕೂಡ ಕುಡಿಯದೆ ಹೋಗುತ್ತಿದ್ದ. ಒಮ್ಮೆ ಅಂಧೇರಿ ಸ್ಟೇಶನ್ನಿನ ಸೇತುವೆಯ ಮೇಲೆ ಸಿಕ್ಕಾಗ, ಅಣ್ಣಾ ಇನ್ನು ಹೇಳಿಬಿಡುತ್ತೇನೆ ಎಂದೆ. ನಕ್ಕ.

"ಈಗ ಹೇಳಿದ್ರ ಚಿಗವ್ವಗ ಇಬ್ಬರ ಮ್ಯಾಲೂ ಸಿಟ್ಟು ಬರ್ತೈತಿ. ಒಬ್ಬನ ಮ್ಯಾಲೆ ಇರ್ಲಿ ಬಿಡು. ನನಗ ರೂಢಿ ಆಗೇತಿ."

ಅವನು ದೊಡ್ಡ ಮನಸ್ಸಿನಿಂದ ಹೇಳಿದ. ನಾನು ಅದನ್ನೇ ನೆಪ ಮಾಡಿಕೊಂಡೆ... ಮೂವತ್ತು ವರ್ಷದ ಹತ್ತಿರ ಬಂತು. ಅವನ ಎದೆಬಡಿತ ನಿಂತುಹೋದ ಸುದ್ದಿ ಬಂದ ದಿನ ಅವ್ವನಿಗೆ ಆ ಸುದ್ದಿಯನ್ನಷ್ಟೇ ಹೇಳಿದೆ. ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

ಈಗ ಈ ಕವರ್. ಅವ್ವನ ಮುಂದೆ ಹರಡಿದೆ. ಎಪ್ಪತ್ತೈದರ ಕಣ್ಣಿಗೂ ಗುರುತು ಸಿಕ್ಕಿತು. ಒಂದೊಂದೇ ತುಂಡನ್ನು ಮೂಗಿಗೆ ಹಿಡಿದಳು. ಆಮೇಲೆ, "ಕಳ್ಳ! ಸಾಯೂ ಮುಂದರೆ ಬುದ್ಧಿ ಬಂತು," ಎಂದಳು.

ಆ ಕಳ್ಳ ಎನ್ನುವ ಮಾತನ್ನು ಮಾತ್ರ ನನಗೆ ನುಂಗಲಾಗಲಿಲ್ಲ. "ಅವ್ವಾ, ಕಳ್ಳಿ ನಾನು," ಎಂದೆ. ಎಲ್ಲ ಹೇಳಿದೆ. ಅವಳು ನೀರಿಗೆ ಹೋದಾಗ ಟ್ರಂಕ್ ತೆಗೆದದ್ದು, ಹೂಂ ಎಂದದ್ದು, ಅವನು ನನ್ನ ಮುಖ ನೋಡಿದ್ದು.

ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ನಾನು ಮಾಡಿದ ಅಡುಗೆ ಮುಟ್ಟಲಿಲ್ಲ, ಅವಲಕ್ಕಿ ತಾನೇ ಕಲಸಿಕೊಂಡು ತಿಂದಳು. ಮೂರನೇ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು, ಖಣದ ತುಂಡುಗಳನ್ನೆಲ್ಲ ಮಡಚಿ ನನ್ನ ತೊಡೆಯ ಮೇಲೆ ಹಾಕಿದಳು.

"ತಗೊಂಡು ಹೋಗು. ಅದರ ಜಾಗಾದಾಗ ಹಚ್ಚಿ ಬಾ. ಕಾಲರ್ ಇಲ್ಲದ ಜಾಕೀಟು ಹ್ಯಾಂಗ ಇಡ್ತಾರ? ಬೋಳ ಕಾಣಸ್ತೈತಿ."

ಅಂಧೇರಿಗೆ ಹೋದೆ. ಅಂಗಡಿಯಲ್ಲಿ ಜಾಕೆಟ್ ಗೊಂಬೆಯ ಮೈಮೇಲಿತ್ತು. ಕುತ್ತಿಗೆಯ ಸುತ್ತ ಬರೀ ದಾರಗಳು. ಅವನ ಹೆಂಡತಿ ಮರಾಠಿಯವಳು, ಉಳಿದ ಖಣಕ್ಕೆ ಅವನು ಚುಚ್ಚಿಟ್ಟಿದ್ದ ಚೀಟಿ ನೋಡಿ ಕಾಲರ್ ಬಿಚ್ಚಿ ಕಳಿಸಿದವಳು ಅವಳೇ. ನನ್ನ ಕೈಯಲ್ಲಿ ತುಂಡುಗಳನ್ನು ನೋಡಿ, "ಆಯೀ ಕಾ ಗುಸ್ಸಾ ಗಯಾ ಕ್ಯಾ?" ಅವ್ವನ ಸಿಟ್ಟು ಇಳಿಯಿತೇ ಎಂದು ಕೇಳಿದಳು. ಹೌದೆಂದು ತಲೆಯಾಡಿಸಿ ಅವುಗಳನ್ನು ಅವಳ ಕೈಗಿಟ್ಟೆ. ಅವಳು ಮಶೀನಿಗೆ ಕೂತು ಹೊಲಿದಳು. ಹಳೆಯ ತೂತುಗಳ ಮೇಲೆಯೇ ಸೂಜಿ ಓಡುವ ಹಾಗೆ, ನಿಧಾನವಾಗಿ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವ್ವ ಕೇಳಿದಳು, "ಸರಿ ಕುಂತಿತೇನು?"

ಫೋನಿನಲ್ಲಿ ಫೋಟೋ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು.

"ಹೂಂ. ಕುಂತೈತಿ. ಆದರ ಅವನ ಕೈಯಂಗ ಬರಲಿಲ್ಲ ಬಿಡು."

ಇಷ್ಟು ವರ್ಷದಲ್ಲಿ ಅವನ ಬಗ್ಗೆ ಅವ್ವ ಆಡಿದ ಮೊದಲ ಒಳ್ಳೆಯ ಮಾತು ಅದು. ಕೇಳಿಸಿಕೊಳ್ಳಬೇಕಾದವನು ಇರಲಿಲ್ಲ... ಆ ಮಾತನ್ನು ಅವನ ಕಿವಿಗೆ ಬೀಳದ ಹಾಗೆ ಇಷ್ಟು ವರ್ಷ ತಡೆದು ನಿಂತವಳು ನಾನು.

ನಿಮ್ಮ ತಪ್ಪನ್ನು ಹೊತ್ತುಕೊಂಡು ಓಡಾಡುತ್ತಿರುವ ಅಣ್ಣನೋ ಅಕ್ಕನೋ ಗೆಳತಿಯೋ ನಿಮಗೂ ಇದ್ದರೆ ಕೆಳಗೆ ಬರೆಯಿರಿ, ಒಂದೂ ಬಿಡದೆ ಓದುತ್ತೇನೆ. ಆದರೆ ಅವರಿನ್ನೂ ಬದುಕಿದ್ದರೆ ಇಲ್ಲಿ ಬರೆಯುವುದು ಆಮೇಲೆ. ಮೊದಲು ಎದ್ದು ಹೋಗಿ, ಹೇಳಬೇಕಾದವರಿಗೆ ಹೇಳಿ ಬನ್ನಿ.