ಸ್ಕ್ರೂ ಮೇಲಿನ ಕುಂಕುಮ

ಹಳೇ ಕಂಪ್ಯೂಟರ್ ಕೂಡಿಡುವ ಹುಚ್ಚು ಹತ್ತಿದ ಮೇಲೆ ನಾನು ಮಾರುವವರ ಮಾತನ್ನು ನಂಬುವುದೇ ಇಲ್ಲ. ಹಳೇ ಡಬ್ಬದೊಳಗೆ ಹೊಸ ಸಾಮಾನು ತುರುಕಿ ಎರಡು ಸಲ ನನಗೆ ಟೋಪಿ ಹಾಕಿದ್ದಾರೆ. ಹೊನ್ನಾಳಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮೇಡಂ ತಮ್ಮ ಹಳೇ ಕಂಪ್ಯೂಟರ್ ತೋರಿಸಿ, "ತಂದಾಗಿಂದ ಯಾರೂ ಬಿಚ್ಚಿಲ್ಲ ರೀ, ಎಲ್ಲಾ ಹಂಗೇ ಐತೆ" ಎಂದಾಗಲೂ ನನಗೆ ಅನುಮಾನವೇ.

ಪ್ರತಿ ಆಯುಧಪೂಜೆಗೆ ಹಚ್ಚಿದ ಗಂಧ, ಕುಂಕುಮ ಅದರ ಪಕ್ಕದ ಸ್ಕ್ರೂಗಳ ಮೇಲೆ ಪದರ ಪದರವಾಗಿ ಗಟ್ಟಿಯಾಗಿತ್ತು. ಇದೂ ನಾಟಕವಿರಬಹುದೆಂದು ಉಗುರಿನಿಂದ ಕೆರೆದು, ಬಿಚ್ಚಿ ನೋಡಿದೆ. ಒಳಗೆ ಎಲ್ಲವೂ ಮೂಲದ್ದೇ ಇತ್ತು.

"ಸರಿ ಐತ್ರಿ, ಒಯ್ತೀನಿ" ಎಂದೆ.

ಮೇಡಂ ಮೇಜಿನ ಮೇಲೆ ಉದುರಿದ ಕುಂಕುಮವನ್ನು ಒರೆಸುತ್ತಾ ಹೇಳಿದರು: "ಒಯ್ಯಿರಿ. ಆದ್ರೆ ಇನ್ನ ಮ್ಯಾಲೆ ಯಾರಾದ್ರೂ ಕೇಳಿದ್ರೆ, ಇದನ್ನ ಯಾರೂ ಬಿಚ್ಚಿಲ್ಲ ಅಂತ ಮಾತ್ರ ಹೇಳಬ್ಯಾಡ್ರಿ."