ಪನಾಮ ಬಾವುಟದ ಅಳಿಯ

ಹಡಗಿನ ಇಂಜಿನಿಯರ್ ಅಂದರೆ ನಮ್ಮ ಕಡೆ ಹೆಣ್ಣು ಕೊಡುವವರಿಗೆ ಮೊದಲೇ ಅನುಮಾನ. ಹರಿಹರದಿಂದ ಅಮ್ಮನೂ ನಾನೂ ದಾವಣಗೆರೆಯ ಪಿ.ಜೆ. ಬಡಾವಣೆಗೆ ಹೆಣ್ಣು ನೋಡಲು ಹೋದಾಗ, ಹುಡುಗಿಯ ಅಪ್ಪ ನನ್ನ ಮೊಬೈಲಿನಲ್ಲಿ ಹಡಗಿನ ಫೋಟೊ ನೋಡಿದರು. ಅವರು ಸ್ಲೀಪರ್ ಬಸ್ಸುಗಳ ಮಾಲೀಕರು.

"ಇದ್ಯಾವ ದೇಶದ ಬಾವುಟ ರೀ?"

"ಪನಾಮದ್ದು. ಮಾಲೀಕರು ಗ್ರೀಸಿನವರು. ಪನಾಮದಲ್ಲಿ ನೋಂದಣಿ ಮಾಡಿಸಿದರೆ ಟ್ಯಾಕ್ಸ್ ಕಮ್ಮಿ."

"ಹಡಗು ಪನಾಮಕ್ಕೆ ಹೋಗೈತಾ?"

"ನಾನಿದ್ದಾಗಂತೂ ಇಲ್ಲ."

ಅವರು ಮಂಡಕ್ಕಿ ತಟ್ಟೆ ಕೆಳಗಿಟ್ಟರು. "ಮಾಲೀಕ ಒಂದು ದೇಶದೋನು, ಬಾವುಟ ಇನ್ನೊಂದು ದೇಶದ್ದು! ಇಂಥ ಕಳ್ಳ ವ್ಯವಹಾರದಾಗ ಇರೋರಿಗೆ ಮಗಳನ್ನ ಹೆಂಗೆ ಕೊಡ್ಲಿ?"

ಅಮ್ಮ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ಅಷ್ಟರಲ್ಲಿ ಚಹಾ ತಂದ ಹುಡುಗಿ, ಕಿಟಕಿಯಾಚೆ ನಿಂತಿದ್ದ ಬಸ್ಸಿನತ್ತ ನೋಡಿ ಮೆಲ್ಲಗೆ ಕೇಳಿದಳು: "ಅಪ್ಪಾಜಿ, ಟ್ಯಾಕ್ಸ್ ಕಮ್ಮಿ ಅಂತ ನಮ್ಮ ಬಸ್ಸಿಗೂ ನಾಗಾಲ್ಯಾಂಡ್ ನಂಬರ್ ಹಾಕ್ಸೀರಲ್ಲ, ಅದು ನಾಗಾಲ್ಯಾಂಡಿಗೆ ಯಾವಾಗ ಹೋಗಿತ್ತು?"

ಅವರು ಬಸ್ಸನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕು, "ಕೂಡ್ರಿ ಅಮ್ಮಾರ, ಚಾ ಆರ್ತೈತೆ," ಅಂದರು.

ಮದುವೆಗೆ ಹೆಣ್ಣಿನ ಕಡೆಯವರು ಅದೇ ಬಸ್ಸಿನಲ್ಲಿ ಹರಿಹರಕ್ಕೆ ಬಂದರು. ನಂಬರ್ ಪ್ಲೇಟು ಕಾಣದಷ್ಟು ಮಾವಿನ ತೋರಣ ಕಟ್ಟಿಸಿದ್ದರು ನಮ್ಮ ಮಾವ.