ತಾಂಗಾದ ಎರಡು ಗಾಲಿ

ನಮ್ಮಲ್ಲಿ ಇದ್ದದ್ದು ಒಂದೇ ಎತ್ತು. ಜೋಡೆತ್ತಿನ ಬಂಡಿ ಕೊಳ್ಳುವ ಶಕ್ತಿ ಊರಲ್ಲಿ ಗೌಡನೊಬ್ಬನಿಗೇ ಇತ್ತು. ಕಮಲಾಪುರದಿಂದ ಕಲಬುರಗಿಗೆ ಬಾಳೆಗೊನೆ ಹೊತ್ತು ಹೊತ್ತು ನನ್ನ ಕುತ್ತಿಗೆ ಸೆಟೆದುಹೋಗಿತ್ತು. ಅದನ್ನು ನೋಡಲಾರದೆ ನಮ್ಮ ಮನೆಯವರು ಅಲ್ಲಿನ ರೈಲು ಸ್ಟೇಷನ್ ಬಳಿ ಮುರಿದು ಬಿದ್ದಿದ್ದ ತಾಂಗಾದ ಎರಡು ಗಾಲಿ ತಂದರು. ಜಾಲಿಮರದ ಅಚ್ಚು ಕೆತ್ತಿ, ಮೇಲೆ ಬಿದಿರಿನ ತಟ್ಟಿ ಬಿಗಿದು, ಒಂದೇ ಎತ್ತು ಎಳೆಯುವಂಥ ಬಂಡಿಯನ್ನು ತಾವೇ ಕಟ್ಟಿದರು. ಅದರಲ್ಲಿ ಕೂತು ಮೊದಲ ಸಲ ಪೇಟೆಗೆ ಹೋದಾಗ ನಾನು ದಾರಿಯುದ್ದಕ್ಕೂ ನಗುತ್ತಲೇ ಇದ್ದೆ.

ತಿಂಗಳು ತುಂಬುವುದರೊಳಗೆ ಕಂದಾಯದ ಅಧಿಕಾರಿ ಗಿರ್ದಾವರ ಊರಿಗೆ ಬಂದ. ಅವನ ಡೇರೆ, ಮಂಚ, ಕೋಳಿಬುಟ್ಟಿಗಳನ್ನು ಕಲಬುರಗಿಗೆ ಸಾಗಿಸಬೇಕಿತ್ತು. ಗೌಡನ ಅಂಗಳದಲ್ಲಿ ಮೂರು ಬಂಡಿ ನಿಂತಿದ್ದವು. ಆದರೂ ಅವನ ಜವಾನ ಬಂದದ್ದು ನಮ್ಮ ಬಾಗಿಲಿಗೆ.

"ಬೇಗಾರಿ ಅದ. ಬಂಡಿ ಹೂಡು."

ಬೇಗಾರಿಗೆ ಕೂಲಿ ಕೇಳುವಂತಿಲ್ಲ, ಒಲ್ಲೆ ಎನ್ನುವಂತಿಲ್ಲ. ಮನೆಯವರು ಹೋದರು. ನಾಲ್ಕನೆಯ ದಿನ ಎತ್ತಿನ ಹಗ್ಗ ಹಿಡಿದು ನಡೆದು ಬಂದರು.

"ಬಂಡಿ ಎಲ್ಲದರೀ?"

"ಅವರೇ ಇಟ್ಕೊಂಡಾರ. ಕುದುರಿಗಿ ಹುಲ್ಲು ತರಲಾಕ ಛಲೋ ಅದ ಅಂತ."

"ಕೊಟ್ಟು ಬಂದ್ರಿ?"

ಅವರು ಎತ್ತನ್ನು ಗೂಟಕ್ಕೆ ಕಟ್ಟತೊಡಗಿದರು. ಮರುದಿನ ಬೆಳಗಾಗುತ್ತಲೇ ನಾನು ಕಲಬುರಗಿಗೆ ಹೊರಟೆ. ಅವರು ಹಿಂದೆಯೇ ಬಂದರು.

ಗಿರ್ದಾವರನ ಹಿತ್ತಲಲ್ಲಿ ನಮ್ಮ ಬಂಡಿ ಬಿದ್ದಿತ್ತು. ಹುಲ್ಲಲ್ಲ, ಕಲ್ಲು ಹೇರಿದ್ದರು. ಅಚ್ಚು ಸೀಳಿತ್ತು, ತಟ್ಟಿ ಹರಿದಿತ್ತು. ನಾನು ಹೋಗಿ ಅದರ ಮೇಲೆ ಕೂತುಬಿಟ್ಟೆ.

"ಏ ಬಾಯಿ, ಇಳಿ! ಸಾಹೇಬ್ರು ನೋಡ್ತಾರ," ಎಂದ ಜವಾನ.

"ನೋಡ್ಲಿ! ಗೌಡನ ಮನಿ ಮುಂದ ನಿನ್ನ ಕಾಲು ನಿಲ್ಲಲಿಲ್ಲ. ಒಂದೆತ್ತಿನವರ ಬಾಗಲಾ ಹ್ಯಾಂಗ ಸಿಕ್ತು ನಿನಗ?"

ಗದ್ದಲ ಕೇಳಿ ಗಿರ್ದಾವರ ಊಟದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನನ್ನ ಮುಖವನ್ನೂ ನೋಡಲಿಲ್ಲ. "ಮುರಕಾ ಬಂಡಿಗಿ ಇಷ್ಟು ರಂಪಾಟ ಯಾಕ? ಒಯ್ಯಲಿ ಬಿಡು," ಎಂದ, ಭಿಕ್ಷೆ ಹಾಕುವವನ ಹಾಗೆ.

ಮನೆಯವರು ಕೀಲು ಬಡಿದು ಗಾಲಿ ಬಿಚ್ಚಿದರು. ಅವರೊಂದು, ನಾನೊಂದು ಉರುಳಿಸುತ್ತ ಊರ ದಾರಿ ಹಿಡಿದೆವು. ಮುಟ್ಟುವಷ್ಟರಲ್ಲಿ ನನ್ನ ಅಂಗೈ ಎರಡೂ ಸುಲಿದಿದ್ದವು. ಊರ ಬಾಗಿಲ ಅಗಸಿಯಲ್ಲಿ ಕೂತಿದ್ದ ಹಿರಿಯನೊಬ್ಬ, "ಸಾಹೇಬ ಛಲೋ ಮನಷ್ಯಾ ನೋಡವ್ವಾ, ಗಾಲಿರೆ ಕೊಟ್ಟಾನ," ಎಂದ.

ಕೊಟ್ಟಾನಂತೆ! ನಮ್ಮ ಗಾಲಿ ನಮಗೆ!

ಮನೆಯವರು ಬಂಡಿಯನ್ನು ಮತ್ತೆ ಕಟ್ಟಿದರು. ಆದರೆ ಗಿರ್ದಾವರ ಬರುವ ಸುದ್ದಿ ಸಿಕ್ಕಾಗಲೆಲ್ಲ ಅದನ್ನು ಕಳ್ಳಮಾಲಿನ ಹಾಗೆ ಜೋಳದ ಹೊಲದೊಳಗೆ ಬಚ್ಚಿಡುತ್ತಿದ್ದೆವು. ಕಳ್ಳ ಮಾತ್ರ ಹಗಲಲ್ಲೇ, ಕುದುರೆ ಏರಿ ಬರುತ್ತಿದ್ದ.